ಇಪ್ಪತ್ತಮೂರನೆಯ ಬಿಲ್ಲೆ

ಕುಂಬಳೆಯಲ್ಲಿ ಸೀಟು ಸಿಕ್ಕಿತೆಂದರೆ
ಉಳ್ಳಾಲ ದಾಟುವಷ್ಟರಲ್ಲಿ ಒಂದು ಬಿಲ್ಲೆ:
ನಡುವೆ ತೂತು, ಆರು ಕಣ್ಣು, ಹನ್ನೆರಡು, ಹದಿನೆಂಟು.
ರಾಫಿಯಾ ನಾರು ಒಣಗಿದರೆ ಬೆರಳು ಕೊಯ್ಯುತ್ತದೆ,
ನೀರು ಚಿಮುಕಿಸಬೇಕು, ವೀಳ್ಯದೆಲೆಗೆ ಮಾಡಿದ ಹಾಗೆ.

"ಎಂತ ಅದು, ಚಾಪೆಯಾ?"
ಎದುರು ಕೂತ ಅವ್ವಮ್ಮ.
ಚೀಲ ಎಂದೆ. ನಕ್ಕರು.
ಟೊಪ್ಪಿ ಹೊಲಿದು ಪಳಗಿದ ಕೈ;
ಗಾಡಿ ಸಿಗ್ನಲಿಗೆ ನಿಂತಾಗ ಕೊಕ್ಕೆ ಕಸಿದು
ಒಂದು ಬಿಲ್ಲೆ ಹೆಣೆದುಕೊಟ್ಟು
ಮಂಜೇಶ್ವರದಲ್ಲಿ ಇಳಿದರು.

ನನ್ನವಕ್ಕಿಂತ ಬೆರಳಗಲ ಚಿಕ್ಕದು. ಬಿಗಿ.
ಅಕ್ಕಪಕ್ಕದವನ್ನು ಎಳೆದೆಳೆದು ಸೇರಿಸಿದೆ;
ಚೀಲ ಅಲ್ಲಿ ಮೂತಿ ತಿರುವುತ್ತದೆ.

ಈಗ ಅದರೊಳಗೆ ಪಾಸು, ಬುತ್ತಿ, ಕೊಡೆ,
ಎರಡು ಕಿಲೋ ಮರಗೆಣಸು.
ಬಿಲ್ಲೆಗಳ ಸಂದಿನಲ್ಲಿ ಚಿಲ್ಲರೆ ಉದುರುತ್ತದೆ,
ಬಾಚಣಿಗೆ ಹಲ್ಲು ತೋರಿಸುತ್ತದೆ.
ಆ ಒಂದರಲ್ಲಿ ಮಾತ್ರ
ಸಾಸಿವೆಯೂ ಇಳಿಯದು.