ಮೂರು ಕಂಬ, ಒಂದು ಸರಪಳಿ

ಬೇಲೂರು ಸ್ಟ್ಯಾಂಡಿನಲ್ಲಿ ನಮ್ಮ ಗಾಡಿಗೆ ಇಪ್ಪತ್ತು ನಿಮಿಷ.
ದ್ಯಾವೇಗೌಡ್ರು ಟೀಗೆ ಹೋದರು. ನಾನು
ಕೊನೆಯ ಸೀಟಿನಲ್ಲಿ ಚಪ್ಪಲಿ ಬಿಟ್ಟು ಕೂತು
ಟಿಕೆಟ್ ಮಿಷನ್ನು ಮಡಿಲಿಂದ ಇಳಿಸಿ
ಕ್ರೋಶಾ ಕಡ್ಡಿ ಎತ್ತಿಕೊಂಡೆ.

ಕಲಿಸಿದ್ದು ಸೆರಫಿನಮ್ಮ.
ಹಗರೆಯಲ್ಲಿ ಹತ್ತಿ ಹಾಸನದಲ್ಲಿ ಇಳಿಯುವವರು,
ವಾರಕ್ಕೆರಡು ಸಲ, ಮೊಣಕಾಲಿನ ಡಾಕ್ಟರಿಗೆ.
ಶೂನ್ಯದ ಟಿಕೆಟು ಹರಿದು ಕೊಟ್ಟರೆ
ಅದನ್ನೇ ಬೆರಳಿಗೆ ಸುತ್ತಿ ತೋರಿಸಿದರು:
ಮೊದಲ ಕುಣಿಕೆ ಹೀಗೆ. ಅದರೊಳಗಿಂದ ಇನ್ನೊಂದು.
ಬಿಗಿ ಹಿಡೀಬೇಡ, ದಾರವೇನು ಕಳ್ಳನಲ್ಲ.

ನನ್ನ ಕೈಗೆ ಬಿಗಿ ಹಿಡಿದೇ ಅಭ್ಯಾಸ:
ಮೇಲಿನ ಕಂಬಿ, ನೋಟಿನ ಕಂತೆ, ಬ್ಯಾಗಿನ ಬಾಯಿ.
ಮೊದಲ ತಿಂಗಳು ಹೆಣೆದದ್ದೆಲ್ಲ
ಪಾತ್ರೆ ತಿಕ್ಕುವ ನಾರಿನಂತೆ ಮುದುಡಿತು.
ಗೌಡ್ರು ಅದರಲ್ಲೇ ಸ್ಟೇರಿಂಗ್ ಒರೆಸಿ
ಚೆನ್ನಾಗೈತೆ ಕಣಮ್ಮ, ಅಂದರು.

ಎಣಿಕೆ ನನಗೆ ಹೊಸದಲ್ಲ.
ಮುಂದೆ ಹದಿನೆಂಟು, ಹಿಂದೆ ಇಪ್ಪತ್ತಾರು,
ಮಡಿಲ ಕೂಸು ಲೆಕ್ಕಕ್ಕಿಲ್ಲ.
ಇಲ್ಲಿ ಮೂರು ಕಂಬ, ಒಂದು ಸರಪಳಿ, ಮತ್ತೆ ಮೂರು ಕಂಬ;
ಚೆಕಿಂಗಿನವರು ಹತ್ತುವುದಿಲ್ಲ, ಮೆಮೊ ಇಲ್ಲ.
ತಪ್ಪಿದ್ದನ್ನು ಎರಡು ಸಾಲಿನ ಮೇಲೆ
ಹೂವಿನ ಒಂದು ದಳ
ತಾನೇ ಸೊಟ್ಟಗಾಗಿ ಹೇಳುತ್ತದೆ.

ಸೆರಗಿನ ಕುಚ್ಚಿಗೆಷ್ಟು? ಆರ್ಡರು ತಗೋತೀಯಾ?
ನಾದಿನಿ ಲೆಕ್ಕವನ್ನೇ ಬರೆದು ಕೊಟ್ಟಳು,
ದಿನಕ್ಕೊಂದು ಸೀರೆ, ವರ್ಷಕ್ಕೊಂದು ಉಂಗುರ.
ಬೇಡ ಕಣೆ. ಬೆಳಿಗ್ಗೆ ಐದೂವರೆಯಿಂದ
ಚಿಲ್ಲರೆ, ಚಿಲ್ಲರೆ, ಚಿಲ್ಲರೆ.
ಇದೊಂದಕ್ಕೆ ದರಪಟ್ಟಿ ಬೇಡ.

ದೇವಸ್ಥಾನ ನೋಡಿ ಬಂದ ಟೂರಿನ ಹೆಂಗಸು
ಕಲ್ಲಿನಲ್ಲಿ ಮಾಡಿರೋದೂ ಇದನ್ನೇ ಅಲ್ವಾ, ಅಂದಳು.
ಹಿಗ್ಗಿ ಹೋಗಿ ಸೆರಫಿನಮ್ಮನಿಗೆ ಹೇಳಿದೆ.
ಅವರು ನಗುತ್ತಲೇ, ನಾಲ್ಕು ದಿನದ ನನ್ನ ಹೆಣಿಗೆಯ
ತುದಿ ಹಿಡಿದು ಎಳೆದರು.
ಹಗರೆ ದಾಟಿ ಎರಡು ಸ್ಟಾಪು ಬರುವಷ್ಟರಲ್ಲಿ
ಉಳಿದದ್ದು ದಾರ, ಗುಂಗುರು ಗುಂಗುರಾಗಿ.
ಕಲ್ಲಿಗೆ ಈ ಭಾಗ್ಯ ಎಲ್ಲಿದೆ ಮಗಳೇ,
ಬಿದ್ದ ಉಳಿಯೇಟು ಬಿದ್ದೇ ಹೋಯಿತು.
ಏಳನೇ ಸಾಲಿನಲ್ಲಿ ತಪ್ಪಿದ್ದೆ ನೀನು. ಇನ್ನೊಮ್ಮೆ ಹಾಕು.

ಅಳು ಬಂತು. ಸೀಟಿ ಊದಿದೆ.

ಈಗ ಹೇಳುತ್ತಾರೆ, ಇನ್ನೊಂದು ಬಗೆ ಇದೆ,
ಕನ್ಯಾಸ್ತ್ರೀಯರು ಕಲಿಸಿದ್ದು,
ದಿಂಬು, ಗುಂಡುಸೂಜಿ, ಇಪ್ಪತ್ನಾಲ್ಕು ಮರದ ಕಡ್ಡಿ,
ಬಸ್ಸಿನ ಕುಲುಕಿಗೆ ಆಗದು, ಮನೆಗೆ ಬಾ.
ಅದರ ಹೆಸರೇ ಲೇಸು.
ನಮ್ಮಜ್ಜಿ ಇದ್ದಿದ್ದರೆ, ಲೇಸಾಯ್ತು ಬಿಡು, ಅನ್ನುತ್ತಿದ್ದಳು.

ಹನ್ನೊಂದು ವರ್ಷ ಕೂಗಿದ್ದೇನೆ,
ಹಗರೆ, ಹಗರೆ, ಯಾರ್ರೀ ಇಳಿಯೋರು?
ಗುರುವಾರದ ರಜೆಗೆ, ಬೇರೆ ಯಾರದೋ ಗಾಡಿಯಲ್ಲಿ,
ನಾನೇ, ಅಂತ ಎದ್ದೆ.

ದಿಂಬಿನ ಮೇಲೆ ಇಪ್ಪತ್ನಾಲ್ಕು ಕಡ್ಡಿ ಹರಡಿತ್ತು.
ಯಾವುದರ ಮೇಲೆ ಯಾವುದು, ಎಲ್ಲಿ ತಿರುವು,
ಒಂದೂ ಗೊತ್ತಾಗಲಿಲ್ಲ.
ಎಷ್ಟೋ ವರ್ಷವಾಗಿತ್ತು
ಗೊತ್ತಿಲ್ಲದ ರೂಟು ಹತ್ತಿ.