ಮೂರಡಿ ಕೊಳವೆ

ರೇಷನ್ ಅಂಗಡಿಯ ಮಲಯಾಳ ನೋಟೀಸಿನ ಬೆನ್ನಿಗೆ
ಪೆನ್ಸಿಲಿನಲ್ಲಿ ಚಿತ್ರ ಬರೆದು ತಂದಿದ್ದರು ಲಿಗೋರಿಯಣ್ಣ:
ಕೆಳಗೊಂದು ಹಂಡೆ, ಮೇಲೆ ನೆಟ್ಟಗೆ ಕೊಳವೆ,
ಕೊಳವೆಯ ತಲೆಯೊಳಗೆ ಸುರುಳಿ.
ಎಂತಕ್ಕೆ ಅಂತ ಕೇಳಲಿಲ್ಲ ನಾನು.
ಪೆರ್ಲ ಪೇಟೆಯಲ್ಲಿ ವೆಲ್ಡಿಂಗ್ ಮಾಡುವವ
ಗೇಟು ಯಾರನ್ನು ತಡೆಯಲಿಕ್ಕೆ ಅಂತ ಕೇಳುವುದುಂಟಾ?

'ಎರಡಿಂಚು ದಪ್ಪ, ಮೂರಡಿ ಉದ್ದ,
ಒಳಗಿನ ಜೋಡು ನುಣ್ಣಗಿರಬೇಕು ಮಾರಾಯ.'
ಮೂವತ್ತೊಂದು ವರ್ಷ ಶಾಲೆಯ ಲ್ಯಾಬಿನಲ್ಲಿ
ಗಾಜು ತೊಳೆದ ಕೈ ಅದು.
ಆಸಿಡ್ಡಿನ ಬಾಟಲಿಗೆ ಕೈ ಹಾಕಿದ್ದಕ್ಕೆ
ಒಮ್ಮೆ ನನಗೆ ಬಾರಿಸಿದ್ದೂ ಅದೇ.

ಪಾತ್ರೆ ತಿಕ್ಕುವ ಸ್ಟೀಲಿನ ನಾರು, ಹದಿನೆಂಟು ಉಂಡೆ.
'ಇಷ್ಟು ಪಾತ್ರೆ ಎಲ್ಲಿಂದ ಬಂತು?' ಮೂಸಕುಂಞಿಗೆ ನಗೆ.
ಕೊಳವೆಯೊಳಗೆ ತುಂಬಿದೆವು, ಬಿಗಿಯೂ ಅಲ್ಲ ಸಡಿಲವೂ ಅಲ್ಲ.
ಗುಜರಿ ಫ್ರಿಜ್ಜಿನ ತಾಮ್ರದ ಕರುಳು ಬಿಚ್ಚಿ
ಮರಳು ತುಂಬಿ ಬಗ್ಗಿಸಿದೆ, ಮಡಚಿಕೊಳ್ಳದ ಹಾಗೆ.

ಏಪ್ರಿಲಿನ ಒಂದು ರಾತ್ರಿ.
ಗುಡ್ಡದಲ್ಲಿ ಬೀಜ ತಿರುಪಿ ಬಿಸಾಡಿದ ಹಣ್ಣು
ಡ್ರಮ್ಮಿನಲ್ಲಿ ಎಂಟು ದಿನ ತನ್ನಷ್ಟಕ್ಕೇ ಗೊಣಗಿ
ಸುಮ್ಮನಾಗಿತ್ತು.
ಸೋಸಿ ಹಂಡೆಗೆ ಹೊಯ್ದು, ಸಂದಿಗೆ ಮೈದಾ ಮೆತ್ತಿ
ಬಚ್ಚಲಿನ ಹಿಂದೆ ಉರಿ ಹಚ್ಚಿದರು, ಸಣ್ಣಗೆ.
ಅಡ್ಕಸ್ಥಳದ ಕಡೆಗೆ ಜೀಪೊಂದು ಹೋಯಿತು.
ಅದರ ಸದ್ದು ಪೂರ್ತಿ ಮುಗಿಯುವವರೆಗೆ
ಇಬ್ಬರೂ ಆಕಾಶ ನೋಡಿದೆವು.

'ನಲ್ಲಿ ಮುಟ್ಟಬೇಡ ಈಗ.
ಏರುವುದೆಲ್ಲ ಏರಲಿ, ಸುರುಳಿಗೆ ತಾಗಿ ತಣಿದು ಬೀಳಲಿ,
ಬೀಳುವಾಗ ಏರುವುದರ ಬಿಸಿ ತಾಗಿ
ಅರ್ಧ ದಾರಿಯಿಂದಲೇ ಮತ್ತೆ ಏಳಲಿ.'
ಕೊಳವೆಗೆ ಕಿವಿಕೊಟ್ಟೆ.
ಒಳಗೆ ಯಾರೋ ಒಂದೇ ಸಮನೆ
ನೀರುದೋಸೆ ಹೊಯ್ಯುತ್ತಿದ್ದರು.

ಆಂಶಿಕ ಬಟ್ಟಿ ಇಳಿಸುವಿಕೆ.
ಪಾಠಪುಸ್ತಕದಲ್ಲಿತ್ತು, ಬಾಯಿಪಾಠ ಬರುತ್ತಿತ್ತು.
ಕನ್ನಡ ಮೀಡಿಯಂ, ಕ್ಲಾಸಿಗೆ ಹನ್ನೊಂದು ಮಕ್ಕಳು,
ಫೇಲಾದವ ನಾನೊಬ್ಬನೇ.

ಅರ್ಧ ಗಂಟೆಯ ಮೇಲೆ ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸಿದರು.
ಐವತ್ತಾರು. ಅರವತ್ತನಾಲ್ಕು. ಮೊದಲ ಹನಿ.
ಬೆರಳು ಚಾಚಿದೆ.
ಬಿತ್ತು ಹೊಡೆತ, ಲ್ಯಾಬಿನದೇ.
'ಇದು ತಲೆ. ಕಣ್ಣು ತೆಗೆಯುತ್ತದೆ. ಚೆಲ್ಲಿ ಬಾ.'
ಒಗೆಯುವ ಕಲ್ಲಿನ ಬುಡಕ್ಕೆ ಚೆಲ್ಲಿದೆ,
ಉಗುರಿನ ಬಣ್ಣ ತೆಗೆಯುವ ವಾಸನೆ.
ಎಪ್ಪತ್ತೆಂಟಕ್ಕೆ ಪಾದರಸ ನಿಂತೇಬಿಟ್ಟಿತು,
ಬಾವಿಕಟ್ಟೆಗೆ ಬಂದ ದನದ ಹಾಗೆ.
'ಇನ್ನು ಎದೆ,' ಅಂದು ಬಾಟಲಿ ಇಟ್ಟರು.

ಹನಿ ನೋಡುತ್ತ ಕೂತವ ಕೇಳಿಬಿಟ್ಟೆ:
'ಲಿಗೋರಿಯಣ್ಣ, ಇದೇ ಗುಡ್ಡದ ಮರಗಳಿಗೆ
ಹೆಲಿಕಾಪ್ಟರಿನಲ್ಲಿ ಮದ್ದು ಬಿಡುತ್ತಿದ್ದರಲ್ಲ,
ನಾವು ಕೈಬೀಸಿಕೊಂಡು ಅದರ ಅಡಿಯಲ್ಲೇ ಓಡುತ್ತಿದ್ದೆವಲ್ಲ,
ಅದು ಬರುವುದು ಎಷ್ಟು ಡಿಗ್ರಿಗೆ?
ತಲೆಯಲ್ಲೋ ಬಾಲದಲ್ಲೋ?'

ಥರ್ಮಾಮೀಟರಿನ ಗೆರೆಗಳನ್ನು
ಕೆಳಗಿಂದ ಮೇಲಕ್ಕೆ ನೋಡಿದರು ಒಮ್ಮೆ.
ಎದ್ದು, ತುಂಬಿದ ಬಾಟಲಿಗೆ ಬಿರಡೆ ಹಾಕಿ
ಒಳಗೆ ಹೋದರು.

ಕಿಟಕಿಯಲ್ಲಿ ಕಂಡಿತು.
ಜೆಸಿಂತಾಳನ್ನು ಮಗ್ಗುಲಿಗೆ ಹೊರಳಿಸಿ,
(ನನ್ನದೇ ಪ್ರಾಯ, ಈಗಲೂ ತೊಟ್ಟಿಲ ಕೂಸಿನ ಕುತ್ತಿಗೆ)
ಅಂಗೈಗೆ ಹನಿ ಬಗ್ಗಿಸಿಕೊಂಡು
ಮಲಗಿ ಮಲಗಿ ಕೆಂಪಾದ ಬೆನ್ನಿಗೆ ಉಜ್ಜುತ್ತಿದ್ದರು,
ಗಾಜು ತೊಳೆದಷ್ಟೇ ಮೆಲ್ಲಗೆ.
ತಂಪಿಗೆ ಅವಳು ಏನೋ ಸದ್ದು ಮಾಡಿದಳು.
ನಗುವೇ ಇರಬೇಕು.

ನನಗೂ ಅರ್ಧ ಗ್ಲಾಸು ಸಿಕ್ಕಿತು, ವೆಲ್ಡಿಂಗಿನ ಬಾಬ್ತು.
ಕುಡಿದೆ. ಗಂಟಲಲ್ಲಿ ಬೆಂಕಿ ಬಿಟ್ಟರೆ ಬೇರೇನೂ ಇಲ್ಲ,
ಹಣ್ಣಿನ ನೆನಪು ಕೂಡ.
ಬಾಲ ಬರತೊಡಗಿದಾಗ ಒದ್ದೆ ನಾಯಿಯ ವಾಸನೆ;
ಅದನ್ನವರು ಚೆಲ್ಲಲಿಲ್ಲ, ಮುಂದಿನ ಹಂಡೆಗಿರಲಿ ಅಂದರು.

ಬೆಳಗ್ಗೆ ಮುಖ ತೊಳೆಯಲು ಹೋದರೆ
ಒಗೆಯುವ ಕಲ್ಲಿನ ಬುಡದಲ್ಲಿ ಇರುವೆಸಾಲು.
ರಾತ್ರಿ ಚೆಲ್ಲಿದ ಜಾಗದ ಹತ್ತಿರ ಬಂದದ್ದೇ
ಒಂದು ಗೇಣು ಸುತ್ತು ಬಳಸಿ
ಮತ್ತೆ ತನ್ನ ಗೆರೆಗೆ ಕೂಡಿಕೊಳ್ಳುತ್ತಿತ್ತು.
ಯಾರು ಹೇಳಿದರೋ ಅವಕ್ಕೆ.
ನಮಗೆ ಯಾರೂ ಹೇಳಿರಲಿಲ್ಲ.