ಉಪ್ಪು ಹಾಕುವವಳ ಕಾರು

ಮೂವತ್ತೊಂದು ಚಳಿಗಾಲ ನಗರಸಭೆಯ ಲಾರಿ ಓಡಿಸಿದ್ದೇನೆ,
ಮುಂದೆ ಹಿಮ ತಳ್ಳುವ ಅಲಗು, ಹಿಂದೆ ಉಪ್ಪಿನ ತೊಟ್ಟಿ.
ರಾತ್ರಿ ಹನ್ನೊಂದಕ್ಕೆ ಹೊರಟರೆ ಬೆಳಗಿನ ಏಳರ ತನಕ
ಶಿಕೂತಿಮಿಯ ಏರು, ಇಳಿಜಾರು, ಸೇತುವೆ, ಆಸ್ಪತ್ರೆಯ ತಿರುವು.
ಊರು ಮಲಗಿರುವಾಗ ಊರಿಗೆಲ್ಲ ಉಪ್ಪು ಹಾಕಿದವಳು ನಾನು.

ನನ್ನದೆಂದು ಇದ್ದವೆಲ್ಲ ಯಾರೋ ಓಡಿಸಿ ಬಿಟ್ಟ ಕಾರುಗಳು.
ಕೊನೆಯದರ ತಳ ತುಕ್ಕು ತಿಂದು ತೂತಾಗಿ
ಕಾಲ ಕೆಳಗೆ ರಸ್ತೆ ಓಡುವುದು ಕಾಣುತ್ತಿತ್ತು.
ಕೇಕ್ ಬೇಯಿಸುವ ತಟ್ಟೆ ಮುಚ್ಚಿ ಎರಡು ವರ್ಷ ಓಡಿಸಿದೆ.

ಅರವತ್ತಕ್ಕೆ ಒಂದು ಹೊಸದು ಕೊಂಡೆ.
ಆಗಸ್ಟಿನಲ್ಲಿ ನಮ್ಮ ಕಾಡು ತುಂಬ ಹಣ್ಣಾಗುವ ಬ್ಲೂಬೆರಿಯ ನೀಲಿ,
ಮೇಲೆ ಅದೇ ತೆಳು ಬೂದಿಯ ಮಿಂಚು.
ಶೋರೂಮಿನ ಹುಡುಗ ಕೀಲಿ ಕೊಟ್ಟಾಗ
ಕೈಗವಸು ಕಳಚಿ ತೆಗೆದುಕೊಂಡೆ.

ಅಕ್ಟೋಬರ್. ಎರಡು ಕೈ ಮೇಣ, ನಡುವೆ ಒಂದು ರಾತ್ರಿ ಒಣಗಲು.
ತಳಕ್ಕೆ ರೆಮಿಯ ಗ್ಯಾರೇಜಿನಲ್ಲಿ ಎಣ್ಣೆ,
ಎಳೆಗೂಸಿಗೆ ಹಚ್ಚಿದ ಹಾಗೆ ಸಂದುಸಂದಿಗೂ;
ವಾರವಿಡೀ ಅಂಗಳದ ಕಾಂಕ್ರೀಟಿನ ಮೇಲೆ ತೊಟ್ಟಿಕ್ಕಿತು.
ಬಾಗಿಲ ರಬ್ಬರಿಗೆ ಸಿಲಿಕಾನ್. ಚಕ್ರದ ಹಿಂದೆ ಕೆಸರುಪಟ್ಟಿ.
ಹಿಮ ಬಿದ್ದರೆ ಪೊರಕೆ ತಾಗಿಸಬಾರದು, ಸ್ಪಂಜಿನ ಕುಂಚವೇ ಬೇಕು;
ಗಾಜು ಕೆರೆಯುವ ಅಲಗು ಗಾಜಿಗಷ್ಟೇ.
ಮೈನಸ್ ಹತ್ತು ದಾಟಿದರೆ ತೊಳೆಯಬಾರದು, ಬಾಗಿಲು ಹಲ್ಲು ಕಚ್ಚುತ್ತದೆ.
ಅಷ್ಟರೊಳಗೆ ನಾಣ್ಯ ಹಾಕಿ ತೊಳೆಯುವ ಶೆಡ್ಡಿನಲ್ಲಿ
ಮೊದಲು ಹೊಟ್ಟೆ, ಆಮೇಲೆ ಮೈ.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕು.

ಪಕ್ಕದ ಮನೆಯ ಓದಿಲೋಂ ಬೇಲಿಯಾಚೆಯಿಂದ ನಗುತ್ತಿದ್ದ:
"ರಾತ್ರಿಯಿಡೀ ನೀನೇ ಎರಚುತ್ತೀಯ,
ಹಗಲಿಡೀ ನೀನೇ ತೊಳೆಯುತ್ತೀಯ, ಫೆರ್ನಾಂದ್!
ಇಬ್ಬರಲ್ಲಿ ಒಬ್ಬಳು ಕೆಲಸ ಬಿಡಬಾರದೇ?"

ಜನವರಿಯ ಒಂದು ರಾತ್ರಿ ಒಬ್ಬಳು ಬಿಟ್ಟಳು.

ಮಳೆ ಬಿದ್ದು, ಬಿದ್ದಲ್ಲೇ ಗಾಜಾದ ರಾತ್ರಿ.
ನನ್ನ ಬೀದಿಗೆ ತಿರುಗಿದೆ. ದೀಪದ ಕಂಬದಡಿ
ನನ್ನ ನೀಲಿ, ನಿನ್ನೆಯಷ್ಟೇ ತೊಳೆದದ್ದು.
ಲಾರಿಯ ಹಿಂದೆ ತಟ್ಟೆ ಗಿರಗಿರ ತಿರುಗುತ್ತ ಹರಳು ಚಿಮ್ಮುತ್ತದೆ;
ಅದು ಕಾರಿನ ಬಾಗಿಲಿಗೆ ತಾಗುವ ಸದ್ದು ನನಗೆ ಗೊತ್ತು,
ಒಣ ಬಟಾಣಿ ತಗಡಿನ ಡಬ್ಬಿಗೆ ಸುರಿದ ಹಾಗೆ.
ಬೆರಳು ಗುಂಡಿ ಒತ್ತಿತು. ತಟ್ಟೆ ನಿಂತಿತು.
ಎಂಟು ಮನೆಗಳಷ್ಟು ದೂರ. ಮತ್ತೆ ಒತ್ತಿದೆ.
ಪಟ್ಟಿಯಲ್ಲಿ ಬರೆದೆ: ಬೀದಿ ಪೂರ್ತಿ, ಮುಗಿದಿದೆ.

ನಿದ್ದೆ ತಿಳಿದಾಗ ಹನ್ನೊಂದು.
ಅಂಚೆಯ ಯುಗೆತ್ ಬಿದ್ದಳೆಂದು ಓದಿಲೋಂ ಹೇಳಿದ,
ಐದನೆಯ ಮನೆಯ ಎದುರು, ಮಣಿಕಟ್ಟು ಎರಡು ಕಡೆ ಮುರಿದು.
ಚೆದುರಿದ ಕಾಗದಗಳನ್ನು ಶಾಲೆಗೆ ಹೋಗುವ ಮಕ್ಕಳು ಹೆಕ್ಕಿದರಂತೆ.
"ಇಂಥ ರಾತ್ರಿ ಉಪ್ಪು ತಾನೇ ಏನು ಮಾಡೀತು" ಎಂದ.
ಹೌದು ಎಂದೆ.
ಆ ಹೌದು ಎರಡು ದಿನ ನಾಲಿಗೆಯ ಮೇಲೇ ಇತ್ತು,
ಹರಳಿನಂತೆ, ಕರಗದೆ.

ಬಟಾಣಿ ಸೂಪು ಮಾಡಿಕೊಂಡು ಹೋದೆ. ಹೇಳಬೇಕೆಂದೇ ಹೋದೆ.
ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು
ಅವಳು ಕೇಳಿದ್ದು ಹೊಸ ಕಾರಿನ ಬಗ್ಗೆ. ಎಂಥ ಬಣ್ಣ ಅದು, ಎಂದಳು.
ಎಡಗೈಯಲ್ಲಿ ಒಂದು ಚಮಚ ಕುಡಿದು,
"ಉಪ್ಪು ಸ್ವಲ್ಪ ಕಡಿಮೆಯಾಯಿತಲ್ಲ."

ಆಗ ಹೇಳಿದೆ.
ಬಹಳ ಹೊತ್ತು ಚಮಚವನ್ನೇ ನೋಡಿದಳು.
ಪಾತ್ರೆ ತೊಳೆದು ಕಳಿಸುತ್ತೇನೆ, ಎಂದಳು.

ಈಗ ಏಪ್ರಿಲ್. ಸಗನೇ ನದಿಯ ಹೆಪ್ಪು ಒಡೆದು ಸದ್ದು ಮಾಡುತ್ತ ಸಾಗುತ್ತಿದೆ.
ಅಂಚೆಗೆ ಬೇರೆ ಹುಡುಗ ಬರುತ್ತಾನೆ, ಕಿವಿಗೆ ಇಯರ್‌ಫೋನು.
ಕಾರಿಗೆ ಒಂದು ಗೀರಿಲ್ಲ, ಗುಳ್ಳೆಯಿಲ್ಲ;
ನೀರು ಹಾಕಿದರೆ ಮೇಣದ ಮೇಲೆ ಮಣಿಮಣಿಯಾಗಿ ನಿಂತು
ಎಲ್ಲಿಗೂ ಇಳಿಯದೆ ಜಾರಿಹೋಗುತ್ತದೆ.

ಪಾತ್ರೆ ಇನ್ನೂ ಬಂದಿಲ್ಲ.